ಬೀಗರ ಮನೆಯ ಹಿಟ್ಟುನೀರು

ಕುಲಾಯಿಲಿಯಲ್ಲಿ ತಿಪಾಗ್ಯಳ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಊರಿನ ಮುಖ್ಯಸ್ಥ, ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಇನ್ನೊಬ್ಬ ಅವಳ ಗಂಡ ನೇಂದು, ಅವನಿಗೆ ಕೇಳಿ ಕೇಳಿ ಅಭ್ಯಾಸವಾಗಿತ್ತು. ಉಳಿದವರೆಲ್ಲ ಬೆಳಗ್ಗೆ ಕುಂಟೆಗೆ ನೀರಿಗೆ ಹೋಗುವಾಗ ಬೇವಿನ ಮರದ ಕಡೆ ಒಮ್ಮೆ ನೋಡಿಯೇ ಮುಂದೆ ಹೆಜ್ಜೆ ಇಡುತ್ತಿದ್ದರು. ಮರದ ಬುಡದಲ್ಲಿ ಮಣೆ, ಮಣೆಯ ಮೇಲೆ ತಿಪಾಗ್ಯ, ಕೈಯಲ್ಲಿ ಒಂದು ಕೋಲು. ಕೋಲು ಹೊಡೆಯಲಿಕ್ಕಲ್ಲ. ಹೆಂಗಸರು ಸುತ್ತಿಕೊಂಡ ಬಟ್ಟೆಯ ಅಂಚನ್ನು ಅದರ ತುದಿಯಿಂದ ಮೀನಖಂಡದವರೆಗೆ ಎತ್ತಿ, ಕಾಲು ನೋಡಿ, "ಹೋಗು" ಅನ್ನುವುದಕ್ಕೆ.

ಅವಳು ಹುಡುಕುತ್ತಿದ್ದದ್ದು ನಾರುಹುಣ್ಣನ್ನು. ಹುಣ್ಣಿದ್ದವರು ಕುಂಟೆಗೆ ಕಾಲಿಟ್ಟರೆ ಹುಳು ನೀರಿನಲ್ಲಿ ಮರಿ ಬಿಡುತ್ತದೆ. ಮರಿಗಳನ್ನು ನೀರಿನ ಸಣ್ಣ ಚಿಗಟಗಳು ನುಂಗುತ್ತವೆ, ಚಿಗಟಗಳನ್ನು ಊರು ಕುಡಿಯುತ್ತದೆ, ಮುಂದಿನ ವರ್ಷ ಅದೇ ದಿನಗಳಲ್ಲಿ ಊರಿನ ಕಾಲುಗಳಿಂದ ಎರಡು ಮೊಳದ ಹುಳುಗಳು ಹೊರಗೆ ಬರುತ್ತವೆ. ಎಳೆದರೆ ತುಂಡಾಗಿ ಒಳಗೇ ಕೊಳೆಯುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟು ಹೊರಗೆ ತೆಗೆಯಬೇಕು. ಇಷ್ಟನ್ನು ಅವಳು ತಿಳಿದುಕೊಂಡದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಎಲ್ಲರ ಹಾಗೆ ಅವಳೂ, ಹುಳು ರಕ್ತದಲ್ಲೇ ಇರುತ್ತದೆ, ಹುಟ್ಟುವಾಗಲೇ ತಂದದ್ದು, ಅದರ ಮನಸ್ಸು ಬಂದಾಗ ಹೊರಡುತ್ತದೆ ಅಂತ ನಂಬಿದ್ದಳು. ಅವಳ ಹದಿನಾಲ್ಕನೆಯ ವರ್ಷದಲ್ಲಿ ಅದರ ಮನಸ್ಸು ಬಲ ಮೊಣಕಾಲಿನಲ್ಲಿ ಬಂತು. ಆಮೇಲೆ ಆ ಮೊಣಕಾಲು ಮಡಚಲಿಲ್ಲ. ಇಂಥವಳನ್ನು ಯಾರು ಕಟ್ಟಿಕೊಳ್ಳುತ್ತಾರೆ ಅಂತ ತಾಯಿ ಅತ್ತಳು. ನೇಂದು ಕಟ್ಟಿಕೊಂಡ. ಕಾಲು ಮಡಚದಿದ್ದರೇನು, ಜಗಳವಾದರೆ ತವರಿಗೆ ಓಡಿಹೋಗುವುದಿಲ್ಲವಲ್ಲ ಅಂತ ಅವನು ಗೆಳೆಯರ ಹತ್ತಿರ ಹೇಳಿಕೊಂಡಿದ್ದ. ಆ ಮಾತು ತಿಪಾಗ್ಯಳಿಗೆ ಮದುವೆಯಾದ ವಾರಕ್ಕೇ ತಲುಪಿತ್ತು.

ಆರೋಗ್ಯ ಇಲಾಖೆಯ ಇಸಾಹಕು ಅನ್ನುವ ಹುಡುಗ ಮೋಟಾರ್ ಸೈಕಲ್ಲಿನಲ್ಲಿ ಬಂದು, ಕುಂಟೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಭೂತಗನ್ನಡಿ ಕೊಟ್ಟು ತೋರಿಸಿದಾಗ ಊರಿನ ಹಿರಿಯರು ಹೌದೌದು ಅಂದು ಎದ್ದುಹೋದರು. ತಿಪಾಗ್ಯ ಮಾತ್ರ ಲೋಟ ಬಿಡಲಿಲ್ಲ. ಚುಕ್ಕಿಯಂಥವು ನೀರಿನಲ್ಲಿ ಜಿಗಿಯುತ್ತಿದ್ದವು. "ಇವೇನಾ ನನ್ನ ಮೊಣಕಾಲು ತಿಂದದ್ದು?" ಅಂತ ಕೇಳಿದಳು. ಊರಿಗೊಬ್ಬರು ಕಾವಲಿಗೆ ಬೇಕು ಅಂದಾಗ ಹೆಂಗಸರು ಅವಳ ಹೆಸರು ಹೇಳಿದರು. ಆಗ ಅದನ್ನು ಹೇಳಿದ್ದಕ್ಕೆ ಆಮೇಲೆ ಬಹಳ ಜನ ಕೈ ಕೈ ಹಿಸುಕಿಕೊಂಡರು.

ಮೂರು ಸಲ ಬಾವಿ ಕೊರೆಸಿ ಮೂರು ಸಲವೂ ಒಣಮಣ್ಣು ಕಂಡ ಊರು ಅದು. ಅಂಥ ಊರಿಗೆ ಸಿಕ್ಕ ಮದ್ದು ಒಂದು ತುಂಡು ಬಟ್ಟೆ, ಮೊಳದಗಲದ್ದು, ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನದು. ಗಡಿಗೆಯ ಬಾಯಿಗೆ ಕಟ್ಟಿ ನೀರು ಸುರಿದರೆ ಚಿಗಟ ಮೇಲೆ ನಿಲ್ಲುತ್ತದೆ, ನೀರು ಕೆಳಗಿಳಿಯುತ್ತದೆ. ಬಟ್ಟೆಯ ಒಂದು ಮಗ್ಗುಲಿಗೆ ನೀಲಿ ಗೆರೆ ಹೊಲಿದಿರುತ್ತದೆ. ಆ ಮಗ್ಗುಲು ಯಾವಾಗಲೂ ಮೇಲಿರಬೇಕು. ಇವತ್ತು ಮೇಲೆ ನಾಳೆ ಕೆಳಗೆ ಅಂದರೆ, ನಿನ್ನೆ ಹಿಡಿದ ಚಿಗಟವನ್ನು ಇವತ್ತು ನಾವೇ ಗಡಿಗೆಯೊಳಕ್ಕೆ ತೊಳೆದುಬಿಟ್ಟ ಹಾಗೆ. ತಿಪಾಗ್ಯ ವಾರಕ್ಕೊಂದು ಸಲ ಮನೆ ಮನೆ ಹೊಕ್ಕು, ಗಡಿಗೆಯ ಬಾಯಿ ನೋಡಿ, "ನೀಲಿ ಮೇಲೆ, ನೀಲಿ ಮೇಲೆ" ಅಂತ ಹೇಳುತ್ತಿದ್ದಳು. ಮಕ್ಕಳು ಅವಳ ಬೆನ್ನ ಹಿಂದೆ ಅವಳನ್ನು ಕರೆಯುತ್ತಿದ್ದದ್ದೇ "ನೀಲಿಮೇಲೆ" ಅಂತ. ಹೊಲಕ್ಕೆ ಹೋಗುವ ಗಂಡಸರಿಗೆ ಅದೇ ಬಟ್ಟೆ ಕಟ್ಟಿದ ಬೆರಳುದ್ದದ ಕೊಳವೆ ಕೊಟ್ಟಿದ್ದರು, ಕೊರಳಿಗೆ ಹಾಕಿಕೊಂಡು ಅದರಲ್ಲಿ ಹೀರಿ ಕುಡಿಯಲಿಕ್ಕೆ. ಹೆಚ್ಚಿನ ಗಂಡಸರ ಕೊಳವೆ ಮನೆಯ ಗೂಟದಲ್ಲಿ ನೇತಾಡುತ್ತಿತ್ತು.

ಯಾಮುಸಾನದೂ ಗೂಟದಲ್ಲೇ ಇತ್ತು. ಯಾಮುಸಾ ಗೆಣಸು ಬೆಳೆಯುವವನು, ನೇಂದುವಿನ ಪಕ್ಕದ ಹೊಲದವನು. ಒಂದು ವರ್ಷ ಎರಡು ತಿಂಗಳ ಹಿಂದೆ ಒಂದು ಬೆಳಗ್ಗೆ ಕಾಲಿಗೆ ಚಿಂದಿ ಸುತ್ತಿಕೊಂಡು ಗುದ್ದಲಿ ತೊಳೆಯಲು ಕುಂಟೆಗೆ ಇಳಿಯುತ್ತಿದ್ದವನನ್ನು ತಿಪಾಗ್ಯ ಅಡ್ಡಗಟ್ಟಿದಳು. ಏನದು ಅಂದರೆ ಮುಳ್ಳು ಅಂದ. ಬಿಚ್ಚು ಅಂದಳು. ಬಿಚ್ಚಿದಾಗ ಬಿಳಿ ನೂಲಿನ ತುದಿಯಂತೆ ಹುಳು ಇಣುಕುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವಳು ನಲವತ್ತು ಹೆಂಗಸರ ಎದುರಿಗೆ "ಎಲ್ಲಿ ಕುಡಿದೆ?" ಅಂತ ಕೇಳಿದಳು. ಹೊಲದ ಹೊಂಡದಲ್ಲಿ ಬಾಯಿ ಹಾಕಿ ಕುಡಿದದ್ದನ್ನು ಅವನು ಹೇಳಬೇಕಾಯಿತು. "ದನ ಆದ್ರೂ ಮೂಸಿ ನೋಡಿ ಕುಡಿಯುತ್ತೆ ಕಣೋ" ಅಂದಳು ತಿಪಾಗ್ಯ. ಹೆಂಗಸರು ಬೋಗುಣಿ ಇಳಿಸಿಕೊಂಡು ನಕ್ಕರು.

ಮೂರು ವಾರ ಅವನು ಆಸ್ಪತ್ರೆಯ ಚಾಪೆಯ ಮೇಲೆ ಕಾಲು ಚಾಚಿಕೊಂಡು ಬಿದ್ದಿದ್ದ. ಅದು ಗೆಣಸಿಗೆ ಮಣ್ಣಿನ ಗುಡ್ಡೆ ಹಾಕುವ ಕಾಲ. ಆ ವರ್ಷ ಅವನ ಹೊಲದಲ್ಲಿ ಅರ್ಧ ನೆಲ ಖಾಲಿ ಉಳಿಯಿತು. ತಿರುಗಿ ಬಂದ ದಿನ ಬೇವಿನ ಮರದ ಹತ್ತಿರ ನಿಂತು, ದನಿ ಏರಿಸದೆ, "ಅಕ್ಕಾ, ನಿನ್ನ ಕಾಲಲ್ಲೂ ಒಂದಿನ ಹೊರಡುತ್ತೆ. ಆವತ್ತು ನಾನು ಮಣೆ ಹಾಕ್ಕೊಂಡು ಕೂತು ನೋಡ್ತೀನಿ" ಅಂದು ಹೋದ. ತಿಪಾಗ್ಯ ಅವನ ಬೆನ್ನಿಗೆ, ಬರುವಾಗ ಕೊಳವೆ ತಗೊಂಡು ಬಾ ಅಂತ ಕೂಗಿದಳು.

ಯಾಮುಸಾನದೇ ಕೊನೆಯ ಹುಳು. ಆಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ದಾಟಿತು, ಕುಲಾಯಿಲಿಯಲ್ಲಿ ಒಂದು ಕಾಲೂ ಹುಣ್ಣಾಗಲಿಲ್ಲ. ಒಂದು ವರ್ಷ ಹುಳು ಕಾಣದ ಊರಿಗೆ ಜಿಲ್ಲೆಯವರು ಬಂದು ಊರಬಾಗಿಲಿನಲ್ಲಿ ಹಲಗೆ ನೆಡುತ್ತಾರೆ, ಈ ಊರಿನಲ್ಲಿ ನಾರುಹುಣ್ಣಿಲ್ಲ ಅಂತ. ಉತ್ತರದ ಒಣಗಾಳಿ ಬೀಸುವ ಜನವರಿಯಲ್ಲಿ, ಒಂದು ಶುಕ್ರವಾರ, ನಮಾಜು ಮುಗಿದ ಮೇಲೆ ಅಂತ ನಿಗದಿಯಾಯಿತು. ಮುಖ್ಯಸ್ಥ ಒಂದು ಟಗರು ಕೊಂಡ. ಡೋಲಿನವರಿಗೆ ಹೇಳಿ ಕಳಿಸಿದರು. ತಿಪಾಗ್ಯ ತನ್ನ ಒಳ್ಳೆಯ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. ಓದು ಬರೆಹ ಬಾರದ ಹೆಂಗಸು, ಆ ಹಲಗೆಯ ಮೇಲೆ ಏನು ಬರೆದಿರುತ್ತದೆ ಅನ್ನುವುದನ್ನು ಬಾಯಿಪಾಠ ಮಾಡಿಕೊಂಡಿದ್ದಳು.

ಆ ವಾರದ ಸೋಮವಾರ ಬೆಳಗ್ಗೆ ಎದ್ದಾಗ ಅವಳ ಎಡಗಾಲಿನ ಹರಡಿನ ಮೇಲೆ ಕಡಲೆಕಾಯಿ ಬೀಜದಷ್ಟು ಗುಳ್ಳೆ ಎದ್ದಿತ್ತು.

ಬೇರೆ ಯಾರೇ ಆಗಿದ್ದರೂ ಸೊಳ್ಳೆ, ಮುಳ್ಳು ಅಂದುಕೊಳ್ಳಬಹುದಿತ್ತು. ಅವಳಿಗೆ ಆ ಭಾಗ್ಯ ಇರಲಿಲ್ಲ. ಕೆಂಡ ಇಟ್ಟ ಹಾಗೆ ಉರಿಯುತ್ತಿತ್ತು. ಆ ಉರಿಗೆ ತಣ್ಣೀರೇ ಬೇಕೆನ್ನಿಸುತ್ತದೆ, ಹುಳುವಿಗೆ ಬೇಕಾದದ್ದೂ ಅದೇ. ಅವಳು ಬೋಗುಣಿಗೆ ನೀರು ಸುರಿದು ಕಾಲಿಟ್ಟಳು. ಆಮೇಲೆ ಆ ನೀರನ್ನು ಮನೆಯ ಹಿಂದೆ ಒಣಮಣ್ಣಿಗೆ ಚೆಲ್ಲಿ ಮೇಲೆ ಬೂದಿ ಮುಚ್ಚಿದಳು. ಕುಂಟೆಯ ಕಡೆ ಹೋಗಲಿಲ್ಲ. ಊರಲ್ಲಿದ್ದೂ ಹೋಗದೆ ಇದ್ದದ್ದು ಐದು ವರ್ಷದಲ್ಲಿ ಅದೇ ಮೊದಲು.

ಎಲ್ಲಿ ಕುಡಿದೆ ಅಂತ ಅವಳನ್ನು ಯಾರೂ ಕೇಳಬೇಕಾಗಿರಲಿಲ್ಲ. ಈ ಹುಳು ಲೆಕ್ಕ ತಪ್ಪುವುದಿಲ್ಲ, ಕುಡಿದ ದಿನದಿಂದ ಹೆಚ್ಚುಕಡಿಮೆ ಒಂದು ವರ್ಷ.

ಒಂದು ವರ್ಷದ ಹಿಂದೆ ಅವಳು ಮಗಳು ಫುಶೇನಾಳನ್ನು ಗಂಡನ ಮನೆಗೆ ಬಿಡಲು ತಿಬೋಗುವಿಗೆ ಹೋಗಿದ್ದಳು. ಚೊಚ್ಚಲ ಬಾಣಂತನ ತವರಿನದು. ಮಗು ಹಾಲು ಬಿಡುವವರೆಗೆ ಮಗಳು ತವರಲ್ಲೇ ಇದ್ದಳು, ಆಮೇಲೆ ಪಾತ್ರೆ ಪಡಗ, ಹೊಸ ಸೋರೆಬುರುಡೆ, ಬೋಗುಣಿಗಳನ್ನು ತಲೆಯ ಮೇಲೆ ಹೊರಿಸಿ ಮೆರವಣಿಗೆಯಲ್ಲಿ ಕಳಿಸಬೇಕು. ಆ ದಿನ ಬೀಗರ ಮನೆಯ ಅಂಗಳದಲ್ಲಿ ಊರಿಗೆ ಊರೇ ಕೂತು ಒಂದೊಂದು ಬೋಗುಣಿಯನ್ನೂ ಎಣಿಸುತ್ತಿತ್ತು. ಬೀಗಿತ್ತಿ ಅಡೀಸಾ ಎತ್ತರದ, ಕಡಿಮೆ ಮಾತಿನ ಹೆಂಗಸು. ಎರಡು ಕೈಯಲ್ಲಿ ದೊಡ್ಡ ಬುರುಡೆ ಹಿಡಿದುಕೊಂಡು ಬಂದು ಮಂಡಿಯೂರಿ ಹಿಟ್ಟುನೀರು ಕೊಟ್ಟಳು. ಸಜ್ಜೆ ಹಿಟ್ಟು, ಶುಂಠಿ, ಮೆಣಸು ತಣ್ಣೀರಿನಲ್ಲಿ ಕದಡಿದ್ದು. ನೆಂಟರು ಅದನ್ನು ಕುಡಿಯುವವರೆಗೆ ಯಾರೂ ಯಾರಿಗೂ ಏನೂ ಹೇಳುವ ಹಾಗಿಲ್ಲ. ಕುಡಿದ ಮೇಲೇ ಕ್ಷೇಮಸಮಾಚಾರ.

ಬುರುಡೆ ತುಟಿಗೆ ತಾಗುವ ಮೊದಲೇ ತಿಪಾಗ್ಯಳ ಕಣ್ಣು ಗೋಡೆಯ ಗೂಟಕ್ಕೆ ಹೋಗಿತ್ತು. ಅಲ್ಲಿ ನೀಲಿ ಗೆರೆಯ ಬಟ್ಟೆ ನೇತಾಡುತ್ತಿತ್ತು, ಹಿಟ್ಟು ಮೆತ್ತಿಕೊಂಡು ಬೆಳ್ಳಗೆ. ಹಿಟ್ಟು ಜರಡಿ ಹಿಡಿಯಲು ಅದಕ್ಕಿಂತ ನಯವಾದ ಬಟ್ಟೆ ಸಿಗುವುದಿಲ್ಲ, ನಿಜ. ನೀರಿನ ಗಡಿಗೆಯ ಬಾಯಿ ಬರಿದಾಗಿತ್ತು. ಅಂದರೆ ಆ ಮನೆಯಲ್ಲಿ ಹಿಟ್ಟು ಸೋಸುತ್ತಿದ್ದರು, ನೀರು ಸೋಸುತ್ತಿರಲಿಲ್ಲ.

ಅವಳ ಕೊರಳಲ್ಲಿ ಕೊಳವೆ ಇತ್ತು, ಆದರೆ ಅದರಲ್ಲಿ ಹಿಟ್ಟುನೀರು ಏರುವುದಿಲ್ಲ. ಬಟ್ಟೆ ಹಾಕಿ ಸೋಸಿದರೆ ಹಿಟ್ಟೆಲ್ಲ ಬಟ್ಟೆಯಲ್ಲೇ ನಿಂತು ಬರೀ ನೀರು ಉಳಿಯುತ್ತದೆ, ಸಜ್ಜೆ ಇಲ್ಲದ ಮನೆ ಅಂತ ಬೀಗರನ್ನು ಹಂಗಿಸಿದ ಹಾಗೆ. ಬೇಡ ಅಂದರೆ ಮಗಳನ್ನು ತಿರುಗಿ ಕರೆದುಕೊಂಡು ಹೊರಟ ಹಾಗೆ. ಅಡೀಸಾ ಮಂಡಿಯೂರಿಕೊಂಡೇ ಇದ್ದಳು. ಫುಶೇನಾ ತಲೆ ಬಗ್ಗಿಸಿ ನಿಂತಿದ್ದಳು. ಒಂದು ಬುರುಡೆಯಿಂದ ಏನಾಗುತ್ತದೆ ಅಂದುಕೊಂಡು ತಿಪಾಗ್ಯ ಕುಡಿದಳು. ತಳದಲ್ಲಿ ಬಿಡುವುದೂ ಮರ್ಯಾದೆಯಲ್ಲ, ಪೂರ್ತಿ ಕುಡಿದಳು. ಶುಂಠಿ ಗಂಟಲು ಸುಡುವಷ್ಟಿತ್ತು, ಅಡೀಸಾಳ ಕೈ ಶುಂಠಿಯಲ್ಲಿ ಧಾರಾಳ. ಹೊರಡುವಾಗ ಮಗಳನ್ನು ಮರೆಗೆ ಕರೆದು, ಬೋಗುಣಿಯ ತಳದಲ್ಲಿ ಹೊಸ ಬಟ್ಟೆ ಇಟ್ಟಿದೀನಿ, ಹೇಗಾದರೂ ಮಾಡಿ ಗಡಿಗೆಗೆ ಕಟ್ಟು ಅಂದಿದ್ದಳು. ಹೊಸ ಸೊಸೆ ಅತ್ತೆಯ ಗಡಿಗೆಗೆ ಕೈ ಹಾಕುವುದು ಎಷ್ಟು ಸುಲಭ ಅಂತ ಅವಳಿಗೂ ಗೊತ್ತಿತ್ತು.

ಈಗ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಅವಳು ಯೋಚಿಸಿದ್ದು ಹಲಗೆಯ ವಿಷಯವಲ್ಲ. ತಾನು ಕುಡಿದದ್ದು ಒಂದು ಬುರುಡೆ. ಫುಶೇನಾ ಆವತ್ತಿನಿಂದ ದಿನಾ ಕುಡಿಯುತ್ತಿದ್ದಾಳೆ, ಮಗುವಿಗೂ ಕುಡಿಸುತ್ತಿದ್ದಾಳೆ. ತಾನು ಬಾಯಿ ಬಿಟ್ಟರೆ ಎಲ್ಲಿ ಕುಡಿದದ್ದು ಅಂತ ಬರೆಸಬೇಕು. ಬರೆಸಿದರೆ ಬೀಗರ ಮಾನ ಹೋಗುತ್ತದೆ, ಮಾನ ಹೋದ ಅತ್ತೆಯ ಕೈಕೆಳಗೆ ಬದುಕಬೇಕಾದವಳು ಮಗಳು. ಬಾಯಿ ಬಿಡದಿದ್ದರೆ ಆ ನೀರನ್ನು ಯಾರೂ ಕೇಳುವವರಿಲ್ಲ. ತಿಪಾಗ್ಯಳಿಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಎರಡರಲ್ಲಿ ಯಾವುದು ದೊಡ್ಡದು ಅಂತ ಆವತ್ತು ಇಡೀ ದಿನ ತಿಳಿಯಲಿಲ್ಲ.

ಮಧ್ಯಾಹ್ನ ಹೊಲದಿಂದ ಬಂದ ನೇಂದು ಬೋಗುಣಿ ನೋಡಿದ, ಕಾಲು ನೋಡಿದ, ಎದುರಿಗೆ ಕುಕ್ಕರಗಾಲಲ್ಲಿ ಕೂತ. ಅವನು ಕೆಟ್ಟ ಮನುಷ್ಯನಲ್ಲ, ಬುದ್ಧಿಯ ಮಾತನ್ನೇ ಹೇಳಿದ.

"ನಾಲ್ಕು ದಿನ ತಾನೆ. ಕಾಲು ನಿಂದು, ಬೋಗುಣಿ ನಮ್ಮದು. ಕುಂಟೆ ಹತ್ರ ಹೋಗ್ಬೇಡ, ಯಾರಿಗೂ ಏನೂ ಆಗಲ್ಲ. ಶುಕ್ರವಾರ ಹಲಗೆ ನೆಡ್ಲಿ. ಶನಿವಾರ ಬಾಯ್ಬಿಡು."

ಮೂವತ್ತು ವರ್ಷದ ಸಂಸಾರದಲ್ಲಿ ತಿಪಾಗ್ಯ ಉತ್ತರ ಕೊಡದೆ ಬಿಟ್ಟ ಮಾತು ಅದೊಂದೇ ಅಂತ ನೇಂದು ಆಮೇಲೆ ಬಹಳ ಸಲ ಹೇಳುತ್ತಿದ್ದ.

ಮಂಗಳವಾರ ಬಿಸಿಲೇರಿದ ಮೇಲೆ ಯಾಮುಸಾ ಅಂಗಳಕ್ಕೆ ಬಂದ. ಕೈಯಲ್ಲಿ ಅವಳ ಕೋಲಿತ್ತು. ಎರಡು ದಿನದಿಂದ ಮರದ ಕೆಳಗೆ ಯಾರೂ ಇಲ್ಲ ಅಂತ, ಯಾರೂ ಹೇಳದೆ, ತಾನೇ ಹೋಗಿ ಮಣೆಯ ಮೇಲೆ ಕೂತಿದ್ದನಂತೆ. ಇನ್ನೊಂದು ವರ್ಷ ಗೆಣಸು ಬಿಡಲು ತನ್ನಿಂದ ಆಗದು ಅನ್ನುವುದು ಅವನ ಕಾರಣ. ಹೆಂಗಸರ ಕಾಲು ನೋಡಲು ಹೋಗಿ ಇಬ್ಬರ ಕೈಯಲ್ಲಿ ಬೈಸಿಕೊಂಡಿದ್ದ. ಕಾವಲಿನವಳಿಗೆ ಏನಾಯಿತು ಅಂತ ಕೇಳಲು ಬಂದವನು ಬೋಗುಣಿಯನ್ನೂ ಅದರೊಳಗಿನ ಕಾಲನ್ನೂ ಕಂಡ. ಗುಳ್ಳೆ ಒಡೆದಿತ್ತು.

ಅವನು ಮೂಲೆಯಲ್ಲಿದ್ದ ಒಂದು ಮಣೆ ಎಳೆದುಕೊಂಡು ಅವಳ ಎದುರಿಗೆ ಕೂತ.

"ಎಲ್ಲಿ ಕುಡಿದೆ, ಅಕ್ಕ?"

"ಬೀಗರ ಮನೇಲಿ."

"ಕಣ್ಣಿಗೆ ಕಂಡೂ?"

"ಕಂಡೂ."

ಯಾಮುಸಾ ಕೋಲನ್ನು ತೊಡೆಯ ಮೇಲಿಟ್ಟುಕೊಂಡ. "ಒಂದು ವರ್ಷದಿಂದ ಕಾಯ್ತಿದ್ದೆ, ಹೊಟ್ಟೆ ತುಂಬ ನಗ್ಬೇಕು ಅಂತ. ಈಗ ನೋಡಿದ್ರೆ ನಗುವೇ ಬರ್ತಿಲ್ಲ, ಹಾಳಾಗಿ ಹೋಗ್ಲಿ. ಆದ್ರೆ ಊರು ಬಿಡಲ್ಲ ಅಕ್ಕ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಅನ್ನುತ್ತೆ."

"ಅನ್ನಲಿ. ಬದನೇಕಾಯಿ ತಿಂದದ್ದು ನಿಜ ತಾನೆ" ಅಂದಳು ತಿಪಾಗ್ಯ. ಎರಡರಲ್ಲಿ ಯಾವುದು ದೊಡ್ಡದು ಅಂತ ಅಷ್ಟು ಹೊತ್ತಿಗೆ ಅವಳಿಗೆ ತಿಳಿದಿತ್ತು. ನಾಚಿಕೆಯನ್ನು ಒಬ್ಬನ ಮುಂದೆ ಹೇಳಿಕೊಂಡಾಗಿತ್ತು, ಉಳಿದದ್ದು ಹೆದರಿಕೆ ಮಾತ್ರ, ಅದು ಮಗಳಿಗಾಗಿ. "ನಿನ್ನ ಸೈಕಲ್ ಗಾಲಿಯಲ್ಲಿ ಗಾಳಿ ಇದೆಯಾ? ಹೋಗಿ ಇಸಾಹಕುವನ್ನ ಕರ್ಕೊಂಡು ಬಾ. ಹಲಗೆ ಬರೆಸಿದ್ರೆ ಒಳಗಿಟ್ಕೊಳ್ಳೋಕೆ ಹೇಳು."

ಇಸಾಹಕು ಬಂದ. ಕಾಲನ್ನು ನೋಡಿ ಮೊದಲು ಹಣೆ ಒತ್ತಿಕೊಂಡ. ಜಿಲ್ಲೆಯ ದೊಡ್ಡವರಿಗೆ ಕಾಗದ ಹೋಗಿತ್ತು, ಶಾಮಿಯಾನದವರು ಹೊರಟಿದ್ದರು. ಆದರೂ ಹುಡುಗ ಕೆಲಸ ತಪ್ಪಿಸಲಿಲ್ಲ. ಹುಣ್ಣನ್ನು ತೊಳೆದು, ಹುಳುವಿನ ತುದಿಯನ್ನು ಕಡ್ಡಿಗೆ ಸುತ್ತಿ, ಪಟ್ಟಿ ಕಟ್ಟಿ, ಪುಸ್ತಕ ತೆರೆದ. ಹೆಸರು, ಊರು, ಯಾವ ಕಾಲು, ಎಲ್ಲ ಬರೆದು ಒಂದು ಕಡೆ ಪೆನ್ನು ನಿಲ್ಲಿಸಿದ. ಅವನಿಗೂ ಅಮ್ಮ, ಅಕ್ಕತಂಗಿಯರಿದ್ದಾರೆ, ಬೀಗತನ ಅಂದರೆ ಏನು ಅಂತ ಗೊತ್ತು.

"ಎಲ್ಲಿ ಕುಡಿದದ್ದು ಅನ್ನೋ ಕಡೆ ಗೊತ್ತಿಲ್ಲ ಅಂತ ಬರೀಲಾ ಅವ್ವಾ? ಬಹಳ ಜನಕ್ಕೆ ಹಾಗೇ ಬರೀತೀವಿ."

"ಗೊತ್ತಿದೆಯಲ್ಲಪ್ಪ" ಅಂದಳು ತಿಪಾಗ್ಯ. "ತಿಬೋಗು. ಅಡೀಸಾಳ ಮನೆ, ನನ್ನ ಬೀಗಿತ್ತಿ. ಬರ್ಕೊಂಡು ಇವತ್ತೇ ಹೋಗು. ನನ್ನ ಮಗಳು ಅದೇ ನೀರು ಕುಡೀತಾಳೆ."

ತಿಬೋಗುವಿನಲ್ಲಿ ಮೂರು ವರ್ಷದಿಂದ ನಾರುಹುಣ್ಣಿಲ್ಲ ಅಂತ ಪುಸ್ತಕ ಹೇಳುತ್ತಿತ್ತು. ಇಸಾಹಕು ಹೋದಾಗ ಅಡೀಸಾ ಬಾಗಿಲಿಗೆ ಅಡ್ಡ ನಿಂತು, ಈ ಮನೆಯಲ್ಲಿ ಯಾರಿಗೂ ಏನೂ ಇಲ್ಲ ಅಂದಳು. ಅಷ್ಟರಲ್ಲಿ ಒಳಗಿನ ಗುಡಿಸಿಲಿನಿಂದ ಗೋಡೆ ಹಿಡಿದುಕೊಂಡು ಫುಶೇನಾ ಹೊರಗೆ ಬಂದಳು. ಪಾದಕ್ಕೆ ಚಿಂದಿ ಸುತ್ತಿತ್ತು. ಒಂಬತ್ತು ದಿನವಾ‌ಗಿತ್ತು. ಸಂತೆ ಕಳೆಯಲಿ, ಆಮೇಲೆ ನೋಡೋಣ, ಹೊರಗೆ ಹೇಳಬೇಡ ಅಂತ ಅತ್ತೆ ಅಂದಿದ್ದಳು. ಸೊಸೆ ಹೊರಗೆ ಹೇಳಿರಲಿಲ್ಲ. ಆದರೆ ಆ ಒಂಬತ್ತು ದಿನವೂ ಕುಂಟೆಗೆ ಕಾಲಿಟ್ಟಿರಲಿಲ್ಲ. ನೀರು ತಾರದ ಸೋಮಾರಿ ಅಂತ ವಾರಗಿತ್ತಿಯರು ಆಡಿಕೊಂಡದ್ದನ್ನೆಲ್ಲ ಕೇಳಿಸಿಕೊಂಡು ಕೂತಿದ್ದಳು. ಆ ಮಾತನ್ನು ಇಸಾಹಕು ತಂದು ಹೇಳಿದಾಗ ತಿಪಾಗ್ಯಳ ಮುಖ ಅರಳಿತು, ಆಮೇಲೆ ಅವಳು ಮುಖ ಮುಚ್ಚಿಕೊಂಡಳು. ಮಗುವಿಗೆ ಏನೂ ಇರಲಿಲ್ಲ. ಆ ಊರಲ್ಲಿ ಹುಣ್ಣಿದ್ದವರು ಇನ್ನಿಬ್ಬರು ಸಿಕ್ಕರು. ತಿಬೋಗುವಿನ ಕುಂಟೆಗೆ ಮದ್ದು ಹಾಕಿದರು, ಮನೆ ಮನೆಗೆ ಹೊಸ ಬಟ್ಟೆ ಹಂಚಿದರು.

ಶುಕ್ರವಾರ ಹಲಗೆ ಬರಲಿಲ್ಲ. ಟಗರು ತಂದಾಗಿತ್ತಲ್ಲ, ಕುಲಾಯಿಲಿಯವರು ಅದನ್ನು ತಿಂದರು. ತಿನ್ನುತ್ತಾ ತಿಪಾಗ್ಯಳನ್ನು ಚೆನ್ನಾಗಿಯೇ ಆಡಿಕೊಂಡರು. ನೀಲಿಮೇಲೆ ಒಳಗೇ ಹುಳು ಸಾಕಿಕೊಂಡಿದ್ದಳಂತೆ ಅಂದರು. ಮುಖ್ಯಸ್ಥನಿಗೆ ಮಾತ್ರ ಹಲಗೆ ಏಕೆ ಬರಲಿಲ್ಲ ಅಂತ ಮೂರು ಸಲ ಕಿವಿಯಲ್ಲಿ ಕೂಗಿ ಹೇಳಬೇಕಾಯಿತು. ಕೊನೆಗೆ ತಿಳಿದಾಗ, ಅವಳನ್ನೇ ಕಾವಲಿಗೆ ಇಟ್ಟುಕೊಳ್ಳಿ, ತನ್ನ ಕಳ್ಳತನ ತಾನೇ ಹೇಳುವವಳು ಮಿಕ್ಕವರನ್ನು ಬಿಡುತ್ತಾಳೆಯೇ ಅಂದನಂತೆ. ಅವಳ ಕಾಲು ವಾಸಿಯಾಗುವವರೆಗೆ ಮರದ ಕೆಳಗೆ ಯಾಮುಸಾನೇ ಕೂತ.

ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ತಾಯಿ ಮಗಳಿಗೆ ಅಕ್ಕಪಕ್ಕದ ಚಾಪೆ. ಸೊಸೆಯನ್ನೂ ಮೊಮ್ಮಗನನ್ನೂ ನೋಡಿಕೊಳ್ಳಲು ಅಡೀಸಾ ಬಂದಳು. ಬೆಳಗ್ಗೆ ಬೀಗಿತ್ತಿಗೆ ನಿಯಮದ ಕುಶಲ ಕೇಳುವಳು, ಮುದ್ದೆ, ಬೆಂಡೆಯ ಸಾರು ಮಾಡಿ ಇಬ್ಬರಿಗೂ ಬಡಿಸುವಳು, ಮತ್ತೆ ಸಂಜೆಯವರೆಗೆ ತಿಪಾಗ್ಯಳ ಕಡೆ ತಿರುಗಿ ನೋಡುತ್ತಿರಲಿಲ್ಲ. ನರ್ಸಮ್ಮ ದಿನಾ ಬಂದು ಹುಳುವನ್ನು ಒಂದು ಸುತ್ತು ಸುತ್ತುತ್ತಿದ್ದಳು. ಫುಶೇನಾ ತಾಯಿಯ ತೊಡೆ ಹಿಡಿದುಕೊಂಡು ಹಲ್ಲು ಕಚ್ಚುತ್ತಿದ್ದಳು, ಅಳುತ್ತಿದ್ದದ್ದು ತಿಪಾಗ್ಯ. ತನ್ನ ಹುಳು ಸುತ್ತುವಾಗ ಅಳದವಳು ಮಗಳದಕ್ಕೆ ಅಳುವುದನ್ನು ಅಡೀಸಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನೋಡುತ್ತಿದ್ದಳು.

ಇಪ್ಪತ್ತನೆಯ ದಿನ ಇಬ್ಬರ ಹುಳುವೂ ಪೂರ್ತಿ ಹೊರಗೆ ಬಂತು. ಆವತ್ತು ಅಡೀಸಾ ಪಾತ್ರೆ ತೊಳೆದು ಬಂದು, ತನ್ನ ಬಟ್ಟೆಯ ಅಂಚನ್ನು ತಾನೇ ಎತ್ತಿ, ಮೀನಖಂಡದ ಮೇಲೆ ಇನ್ನೂ ಹೊಳೆಯುತ್ತಿದ್ದ ಕಲೆಯನ್ನು ತಿಪಾಗ್ಯಳಿಗೆ ತೋರಿಸಿದಳು.

"ಹೋದ ವರ್ಷ, ನೀವು ಬರೋಕೆ ಒಂದು ತಿಂಗಳು ಮೊದಲೇ ನನಗೆ ಹೊರಟಿತ್ತು. ಮಗ ಸೊಸೆ ಮನೆ ತುಂಬೋ ಹೊತ್ತಲ್ಲಿ ಹೇಗೆ ಹೇಳ್ಕೊಳ್ಳೋದು? ಅದೇ ಕಾಲಲ್ಲಿ ದಿನಾ ಕುಂಟೆಗಿಳೀತಿದ್ದೆ. ನಿಮಗೆ ಹಳೇ ನೀರು ಕೊಡಬಾರದು ಅಂತ ಆವತ್ತು ಬೆಳಗ್ಗೆ ನಾನೇ ಕುಂಟೆಗಿಳಿದು ಹೊಸ ನೀರು ತಂದೆ."

"ನನಗೂ ಗೂಟದ ಮೇಲೆ ಬಟ್ಟೆ ಕಂಡಿತ್ತು ಬೀಗಿತ್ತಿ. ಆದ್ರೂ ಕುಡಿದೆ" ಅಂದಳು ತಿಪಾಗ್ಯ.

"ಕುಡೀದೆ ಇದ್ದಿದ್ರೆ ನಾನು ನಿಮ್ಮನ್ನ ಜನ್ಮದಲ್ಲಿ ಮಾತಾಡಿಸ್ತಿರಲಿಲ್ಲ." ಅಡೀಸಾ ಬಟ್ಟೆ ಇಳಿಸಿಕೊಂಡಳು. "ಆದ್ರೂ, ಹೆಸರು ಬರೆಸೋ ಮೊದಲು ನನಗೊಂದು ಮಾತು ಹೇಳಿ ಕಳಿಸಬಹುದಿತ್ತು."

ಇಬ್ಬರೂ ಬೇರೆ ಬೇರೆ ಲಾರಿ ಹತ್ತಿ ಊರಿಗೆ ಹೋದರು.

ಮೊದಲ ಮಳೆ ಬಿದ್ದ ಮೇಲೆ ತಿಪಾಗ್ಯ ಮೊಮ್ಮಗನನ್ನು ನೋಡಿಕೊಂಡು ಬರಲು ತಿಬೋಗುವಿಗೆ ಹೋದಳು. ಹೋಗಬೇಕೋ ಬೇಡವೋ ಅಂತ ಎರಡು ತಿಂಗಳು ತೂಗಿಯೇ ಹೊರಟದ್ದು. ಅವಳು ಬರುವ ಸುದ್ದಿ ಮುಂಚೆಯೇ ತಲುಪಿ, ಹೋದ ಸಲದ ಹಾಗೆಯೇ ಅಂಗಳ ತುಂಬಿತ್ತು. ಪುಸ್ತಕದಲ್ಲಿ ಹೆಸರು ಬರೆಸಿದ ಬೀಗಿತ್ತಿಯನ್ನು ಅಡೀಸಾ ಹೇಗೆ ಎದುರುಗೊಳ್ಳುತ್ತಾಳೆ ಅಂತ ನೋಡಲು ನಾಲ್ಕು ಮನೆಯಾಚೆಯ ಮುದುಕಿಯರೂ ಬಂದು ಕೂತಿದ್ದರು.

ಅಡೀಸಾ ಒಳಗಿನಿಂದ ಮೂರು ವಸ್ತು ತಂದಳು. ಬುರುಡೆಯಲ್ಲಿ ಬರೀ ನೀರು, ತಟ್ಟೆಯಲ್ಲಿ ಶುಂಠಿ ಬೆರೆಸಿದ ಸಜ್ಜೆ ಹಿಟ್ಟು, ಹೆಗಲ ಮೇಲೆ ದಿನಾ ನೀರು ಸೋಸುವ ಬಟ್ಟೆ. ನೆಂಟರ ಎದುರಿಗೆ ನೀರು ಸೋಸಿ, ಎದುರಿಗೇ ಹಿಟ್ಟು ಕದಡಿ ಕೊಡುವ ಪದ್ಧತಿ ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಅದನ್ನು ಅಡೀಸಾ ತಾನೇ ಕೂತು ಯೋಚಿಸಿ ಮಾಡಿದ್ದಳು. ಮುದುಕಿಯರು ಕತ್ತು ಚಾಚಿದರು. ಅಡೀಸಾ ಖಾಲಿ ಬುರುಡೆಯ ಬಾಯಿಗೆ ಬಟ್ಟೆ ಹಾಸಿ ನೀರು ಸುರಿದಳು, ಹಿಟ್ಟು ಹಾಕಿ ಕದಡಿದಳು, ಮಂಡಿಯೂರಿ ಎರಡು ಕೈಯಲ್ಲಿ ಮುಂದೆ ಹಿಡಿದಳು.

ಬಟ್ಟೆಯ ನೀಲಿ ಗೆರೆ ಕೆಳಗಿತ್ತು.

ತಿಪಾಗ್ಯ ಬುರುಡೆಯನ್ನು ಕೈಗೆ ತೆಗೆದುಕೊಂಡಳು. ಬೀಗಿತ್ತಿಯ ಹಿಂದೆ ಮಗುವನ್ನೆತ್ತಿಕೊಂಡು ನಿಂತಿದ್ದ ಫುಶೇನಾ ಕೂಡ ಗೆರೆಯನ್ನು ಕಂಡಿದ್ದಳು, ಕಂಡು ತಾಯಿಯ ಮುಖ ನೋಡುತ್ತಿದ್ದಳು. ಅಡೀಸಾ ಇಷ್ಟು ಜನರ ಎದುರಿಗೆ ತನ್ನ ಮಾನವನ್ನು ಹೊಸದಾಗಿ ಕಟ್ಟಿಕೊಳ್ಳುತ್ತಿದ್ದಾಳೆ ಅಂತ ತಿಪಾಗ್ಯಳಿಗೆ ಚೆನ್ನಾಗಿ ತಿಳಿದಿತ್ತು. ಅವಳು ಬುರುಡೆಯನ್ನು ನೆಲಕ್ಕಿಟ್ಟಳು.

"ಬೀಗಿತ್ತಿ, ಬಟ್ಟೆ ಬೋರಲಾಗಿದೆ. ನೀಲಿ ಮೇಲೆ."

ಯಾರೋ ಒಬ್ಬ ಮುದುಕಿ ಉಸಿರೆಳೆದುಕೊಂಡದ್ದು ಕೇಳಿಸಿತು. ಅಡೀಸಾ ಬಟ್ಟೆಯನ್ನು ನೋಡಿದಳು, ಬೀಗಿತ್ತಿಯನ್ನು ನೋಡಿದಳು. ಮಂಡಿಯಿಂದ ಏಳಲಿಲ್ಲ.

"ದೇವರು ಎಲ್ಲಕ್ಕೂ ಒಂದು ಸೋಸುಬಟ್ಟೆ ಕೊಟ್ಟ" ಅಂದಳು. "ನಿಮ್ಮ ನಾಲಿಗೆಗೊಂದು ಕಟ್ಟೋದು ಮರೆತ."

ಮೊದಲು ನಕ್ಕವಳು ಫುಶೇನಾ. ಆಮೇಲೆ ಅಂಗಳ ನಕ್ಕಿತು. ಅಡೀಸಾ ನಗಲಿಲ್ಲ. ಹಿಟ್ಟುನೀರನ್ನು ದೂರ ಒಯ್ದು ಮಣ್ಣಿಗೆ ಚೆಲ್ಲಿದಳು. ಸೊಸೆಯ ಕೈಯಿಂದ ಬೇರೆ ಬಟ್ಟೆ, ಬೇರೆ ಬುರುಡೆ ತರಿಸಿದಳು. ನೀಲಿ ಗೆರೆಯನ್ನು ಮೇಲೆ ಮಾಡಿ, ಅದನ್ನು ಬೆರಳಿನಿಂದ ಎಲ್ಲರಿಗೂ ತೋರಿಸಿ, ಮತ್ತೆ ನೀರು ಸುರಿದಳು, ಮತ್ತೆ ಹಿಟ್ಟು ಕದಡಿದಳು, ಮತ್ತೆ ಮಂಡಿಯೂರಿ ಕೊಟ್ಟಳು.

ತಿಪಾಗ್ಯ ಬುರುಡೆ ಎತ್ತಿ ಒಂದೇ ಉಸಿರಿಗೆ ಕುಡಿದಳು. ತಳದಲ್ಲಿ ನಿಂತ ಹಿಟ್ಟನ್ನು ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡಳು. ಶುಂಠಿ ಈ ಸಲವೂ ಗಂಟಲು ಸುಡುವಷ್ಟಿತ್ತು. ಅದನ್ನು ಮಾತ್ರ ಅವಳು ಹೇಳಲಿಲ್ಲ.